ಆರು ಶಿಲಿಂಗಿನ ಗೋಡೆ

ರಗ್ಬಿ ಎಂಬ ಹೆಸರಿನಲ್ಲಿ ಎರಡು ಆಟಗಳಿವೆ: ಯೂನಿಯನ್ ಮತ್ತು ಲೀಗ್. ಯೂನಿಯನ್‌ನಲ್ಲಿ ತಂಡಕ್ಕೆ 15 ಮಂದಿ, ಲೀಗ್‌ನಲ್ಲಿ 13. ಚೆಂಡು ಎರಡರಲ್ಲೂ ಮೊಟ್ಟೆಯಾಕಾರದ್ದೇ. ಅದನ್ನು ಹಿಡಿದು ಓಡಬಹುದು, ಒದೆಯಬಹುದು, ಜೊತೆಗಾರರಿಗೆ ಪಕ್ಕಕ್ಕೋ ಹಿಂದಕ್ಕೋ ಎಸೆಯಬಹುದು. ಮುಂದಕ್ಕೆ ಮಾತ್ರ ಎಸೆಯುವಂತಿಲ್ಲ. ಎದುರಾಳಿಗಳ ಗೋಲು ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ. ದೂರದಿಂದ ನೋಡುವವರಿಗೆ ಎರಡೂ ಒಂದೇ ಆಟದಂತೆ ಕಾಣುತ್ತವೆ. ಆದರೂ 1895ರಿಂದ 1995ರವರೆಗೆ, ಸರಿಯಾಗಿ ನೂರು ವರ್ಷ, ಯೂನಿಯನ್ ಬಿಟ್ಟು ಲೀಗ್ ಸೇರಿದವರಿಗೆ ಹಿಂದಿರುಗುವ ದಾರಿ ಇರಲಿಲ್ಲ. ಆ ದಾರಿ ತೆರೆದುಕೊಂಡ ಮೇಲೆ ಅದರಲ್ಲಿ ನಡೆದವರ ಪೈಕಿ ಎಲ್ಲರಿಗಿಂತ ಎದ್ದು ಕಾಣುವ ಆಟಗಾರ ಇಂಗ್ಲೆಂಡಿನ ಜೇಸನ್ ರಾಬಿನ್ಸನ್. ಅವರ ಆಟದ ಬದುಕು ಅರ್ಥವಾಗಬೇಕಾದರೆ ಆ ಗೋಡೆ ಎದ್ದದ್ದು ಹೇಗೆಂದು ಮೊದಲು ತಿಳಿಯಬೇಕು.

ರಗ್ಬಿ ಫುಟ್‌ಬಾಲ್ ಯೂನಿಯನ್ ಸ್ಥಾಪನೆಯಾದದ್ದು 1871ರಲ್ಲಿ, ಲಂಡನ್ನಿನಲ್ಲಿ. ಅದನ್ನು ಕಟ್ಟಿದವರು ಹಣವಂತರ ಶಾಲೆಗಳಲ್ಲಿ ಓದಿ ವಕೀಲಿಕೆ, ವ್ಯಾಪಾರ, ಸರ್ಕಾರಿ ಹುದ್ದೆಗಳಲ್ಲಿದ್ದ ಮಂದಿ. ಅವರಿಗೆ ಆಟ ಬಿಡುವಿನ ವೇಳೆಯ ಹವ್ಯಾಸ. ಆದರೆ ಇಪ್ಪತ್ತು ವರ್ಷ ತುಂಬುವುದರೊಳಗೆ ಆಟ ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್, ಲ್ಯಾಂಕಶೈರ್‌ಗಳ ಗಣಿ, ಗಿರಣಿ, ಬಂದರುಗಳ ಕೆಲಸಗಾರರ ಕೈಗೆ ಬಂದಿತ್ತು. ಅಲ್ಲಿ ಶನಿವಾರವೂ ಅರ್ಧ ದಿನ ದುಡಿಮೆ. ಪರ ಊರಿನಲ್ಲಿ ಪಂದ್ಯವಿದ್ದರೆ ಬೆಳಿಗ್ಗೆಯೇ ರೈಲು ಹತ್ತಬೇಕು, ಅಂದಿನ ಕೂಲಿ ಖೋತಾ. ಪಂದ್ಯ ನೋಡಲು ಸಾವಿರಾರು ಜನ ದುಡ್ಡು ಕೊಟ್ಟು ಬರುತ್ತಿದ್ದರು. ಆ ದುಡ್ಡು ಕ್ಲಬ್ಬಿನ ಪೆಟ್ಟಿಗೆಗೆ ಸೇರುತ್ತಿತ್ತು. ಆಡಿದವನು ಮಾತ್ರ ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದ.

ಉತ್ತರದ ಕ್ಲಬ್‌ಗಳು ಕೇಳಿದ್ದು ಆಟಕ್ಕೆ ಸಂಬಳವನ್ನಲ್ಲ, ತಪ್ಪಿಹೋದ ಕೂಲಿಯನ್ನು ತುಂಬಿಕೊಡುವ ಅನುಮತಿಯನ್ನು. 1893ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಪ್ಯಾಲೇಸ್ ಹೋಟೆಲಿನಲ್ಲಿ ಯೂನಿಯನ್‌ನ ಸಭೆ ಸೇರಿದಾಗ ಯಾರ್ಕ್‌ಶೈರ್‌ನವರು ಈ ಬೇಡಿಕೆ ಮುಂದಿಟ್ಟರು. ಪರವಾಗಿ 136 ಮತ, ವಿರುದ್ಧವಾಗಿ 282. ಆಟಕ್ಕೂ ಹಣಕ್ಕೂ ನಂಟು ಬೆಳೆದರೆ ಆಟ ಮೈಲಿಗೆಯಾಗುತ್ತದೆ ಎಂಬುದು ಗೆದ್ದವರ ವಾದ. ಕೂಲಿಯ ಚಿಂತೆಯೇ ಇಲ್ಲದವರಿಗೆ ಈ ಮಡಿ ಸುಲಭವಾಗಿತ್ತು.

ಎರಡು ವರ್ಷಗಳ ನಂತರ, 1895ರ ಆಗಸ್ಟ್ 29ರಂದು, ಹಡರ್ಸ್‌ಫೀಲ್ಡ್ ರೈಲು ನಿಲ್ದಾಣದ ಬಳಿಯ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್‌ಗಳು ಸೇರಿ ಬೇರೆಯಾಗಲು ತೀರ್ಮಾನಿಸಿದವು. 22 ಕ್ಲಬ್‌ಗಳ ನಾರ್ದರ್ನ್ ಯೂನಿಯನ್ ಹುಟ್ಟಿತು. ಆಡಲು ಹೋಗಿ ಕೂಲಿ ಕಳೆದುಕೊಂಡವನಿಗೆ ದಿನಕ್ಕೆ 6 ಶಿಲಿಂಗ್ ಕೊಡಬಹುದೆಂದು ಅದು ಗೊತ್ತು ಮಾಡಿತು. ಬಹಿರಂಗವಾಗಿ ಸಂಬಳ ಕೊಡಲು ಅವಕಾಶವಾದದ್ದು 1898ರಲ್ಲಿ. ಆಗಲೂ ಆಟಗಾರ ಬೇರೊಂದು ಉದ್ಯೋಗದಲ್ಲಿರಲೇಬೇಕು ಎಂಬ ಷರತ್ತು ಇತ್ತು.

ಒಡೆದ ದಿನ ಎರಡೂ ಕಡೆಯ ಆಟ ಒಂದೇ ಆಗಿತ್ತು, ನಿಯಮಗಳಲ್ಲಿ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಬೇರೆಯಾದ ಮೇಲೆಯೇ ಉತ್ತರದವರು ನಿಯಮಗಳಿಗೆ ಕೈ ಹಾಕಿದ್ದು. ಟಿಕೆಟ್ಟಿನ ಹಣದ ಮೇಲೆ ಬದುಕಬೇಕಾದ ಆಟ ನೋಡುವವರ ಕಣ್ಣಿಗೆ ಚುರುಕಾಗಿರಬೇಕಲ್ಲ? ಬದಿಯ ಗೆರೆ ದಾಟಿದ ಚೆಂಡನ್ನು ಎರಡು ಸಾಲುಗಳ ನಡುವೆ ಒಳಗೆಸೆಯುವ ಲೈನ್‌ಔಟ್ ಅನ್ನು 1897ರಲ್ಲಿ ತೆಗೆದುಹಾಕಿದರು. 1906ರಲ್ಲಿ ತಂಡವನ್ನು 13 ಮಂದಿಗೆ ಇಳಿಸಿದರು. ಕೆಡವಿಸಿಕೊಂಡ ಆಟಗಾರ ಎದ್ದು ನಿಂತು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಹಿಂದಕ್ಕೆ ತಳ್ಳಿ ಆಟ ಮುಂದುವರಿಸುವ ಕ್ರಮ ಬಂತು. 1922ರಲ್ಲಿ ಸಂಸ್ಥೆಯ ಹೆಸರು ರಗ್ಬಿ ಫುಟ್‌ಬಾಲ್ ಲೀಗ್ ಎಂದಾಯಿತು. ಒಂದು ತಂಡ ಎಷ್ಟು ಹೊತ್ತಾದರೂ ಚೆಂಡು ಬಿಟ್ಟುಕೊಡದೆ ಸತಾಯಿಸುವುದನ್ನು ತಪ್ಪಿಸಲು 1966ರಲ್ಲಿ ನಾಲ್ಕು ಟ್ಯಾಕಲ್‌ಗಳ (ಹಿಡಿದು ಕೆಡವುವುದರ) ಮಿತಿ ಹಾಕಿದರು, 1972ರಲ್ಲಿ ಅದು ಆರಕ್ಕೇರಿತು. ಯೂನಿಯನ್‌ನಲ್ಲಿ ಇಂಥ ಲೆಕ್ಕವಿಲ್ಲ. ಅಲ್ಲಿ ಬಿದ್ದವನು ಚೆಂಡು ಬಿಡಬೇಕು. ಎರಡೂ ತಂಡದವರು ಅವನ ಮೇಲೆ ಮುಗಿಬಿದ್ದು, ತಳ್ಳಾಡಿ, ಚೆಂಡಿಗಾಗಿ ಕಾದಾಡುತ್ತಾರೆ. ಆಟ ಬದಲಿಸುವವರನ್ನು ಮುಂದೆ ಕಾಡಿದ್ದು ಮುಖ್ಯವಾಗಿ ಈ ವ್ಯತ್ಯಾಸವೇ.

ಬೇರೆಯಾದವರ ಮೇಲೆ ಯೂನಿಯನ್ ಹೇರಿದ ಶಿಕ್ಷೆ ನಮ್ಮ ಹಳ್ಳಿಗಳ ಬಹಿಷ್ಕಾರವನ್ನು ನೆನಪಿಸುವಂಥದ್ದು. ಲೀಗ್ ಕ್ಲಬ್ಬಿನಿಂದ ಹಣ ಪಡೆದವನಷ್ಟೇ ಅಲ್ಲ, ಹಣವಿಲ್ಲದೆ ಅಲ್ಲಿ ಆಡಿ ಬಂದವನೂ ಜೀವನಪರ್ಯಂತ ಹೊರಗೆ. ತಾನು ಆಡಿ ಬೆಳೆದ ಕ್ಲಬ್ಬಿನಲ್ಲಿ ಮಕ್ಕಳಿಗೆ ಆಟ ಹೇಳಿಕೊಡುವುದಕ್ಕೂ ಅವನಿಗೆ ಅವಕಾಶವಿರಲಿಲ್ಲ. ಇದೇ ಒಡಕು ಸಾಗರದಾಚೆಗೂ ಹಬ್ಬಿತು. 1907ರಲ್ಲಿ ಸಿಡ್ನಿಯ ಆಟಗಾರ ಅಲೆಕ್ಸ್ ಬರ್ಡನ್ ಗಾಯಗೊಂಡು ಕೆಲಸಕ್ಕೆ ಹೋಗಲಾಗದೆ ಕೂತಾಗ ಪರಿಹಾರ ಸಿಗದೆ ಹೋದದ್ದು ಅಲ್ಲಿನ ಅಸಮಾಧಾನಕ್ಕೆ ಕಿಡಿಯಾಯಿತು. ಅದೇ ವರ್ಷ ನ್ಯೂ ಸೌತ್ ವೇಲ್ಸ್ ರಗ್ಬಿ ಲೀಗ್ ಸ್ಥಾಪನೆಯಾಗಿ, ಯೂನಿಯನ್‌ನ ಕಣ್ಮಣಿಯಾಗಿದ್ದ ಡ್ಯಾಲಿ ಮೆಸೆಂಜರ್ ಅತ್ತ ಹೋದರು. ಸಿಡ್ನಿ ಇಂದಿಗೂ ಲೀಗ್‌ನ ಊರು. ಫ್ರಾನ್ಸಿನಲ್ಲಿ ಕಥೆ ಇನ್ನೂ ಕಹಿ. ಅಲ್ಲಿ 1934ರಲ್ಲಿ ಕಾಲಿಟ್ಟ ಲೀಗ್ ನಾಲ್ಕಾರು ವರ್ಷಗಳಲ್ಲೇ ಬೇರುಬಿಟ್ಟಿತು. 1941ರಲ್ಲಿ, ಜರ್ಮನಿಗೆ ಮಣಿದಿದ್ದ ವಿಶಿ ಸರ್ಕಾರ ಅದನ್ನು ನಿಷೇಧಿಸಿ ಆಸ್ತಿಯನ್ನೆಲ್ಲ ಮುಟ್ಟುಗೋಲು ಹಾಕಿಕೊಂಡಿತು. ಯುದ್ಧ ಮುಗಿದು ನಿಷೇಧ ತೆರವಾದರೂ ರಗ್ಬಿ ಎಂಬ ಹೆಸರು ಬಳಸಲು ಅದಕ್ಕೆ ದಶಕಗಳ ಕಾಲ ಅವಕಾಶವಿರಲಿಲ್ಲ. ‘ಹದಿಮೂರರ ಆಟ’ ಎಂದೇ ಕರೆದುಕೊಂಡು ಅದು ಬದುಕಿತು.

ಗೋಡೆಯ ನೋವು ಎಲ್ಲಕ್ಕಿಂತ ಹೆಚ್ಚಾಗಿ ತಟ್ಟಿದ್ದು ವೇಲ್ಸ್‌ಗೆ. ಅಲ್ಲಿ ಯೂನಿಯನ್ ಗಣಿ ಕಾರ್ಮಿಕರ ಆಟವೂ ಆಗಿತ್ತು, ನಾಡಿನ ಹೆಮ್ಮೆಯೂ ಆಗಿತ್ತು. ಆಡಿದವರ ಹೊಟ್ಟೆ ಮಾತ್ರ ಅದರಿಂದ ತುಂಬುತ್ತಿರಲಿಲ್ಲ. ಕೆಲವು ಕ್ಲಬ್‌ಗಳಲ್ಲಿ ಪಂದ್ಯದ ನಂತರ ಆಟಗಾರರ ಬೂಟಿನೊಳಗೆ ಗುಟ್ಟಾಗಿ ನೋಟು ಇಡುವ ರೂಢಿ ಇತ್ತು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಬಹಿರಂಗವಾಗಿ ದುಡಿಯಲು ಬಯಸಿದವರು ಲ್ಯಾಂಕಶೈರ್‌ನದೋ ಯಾರ್ಕ್‌ಶೈರ್‌ನದೋ ಲೀಗ್ ಕ್ಲಬ್ ಸೇರಬೇಕಿತ್ತು. ವೇಲ್ಸ್‌ನ ಮಾತಿನಲ್ಲಿ ಅದಕ್ಕೆ ‘ಉತ್ತರಕ್ಕೆ ಹೋಗುವುದು’ ಎಂದೇ ಹೆಸರು. ಹಾಗೆ ಹೋದವರಲ್ಲಿ ಕಾರ್ಡಿಫ್‌ನ ಜಿಮ್ ಸಲ್ಲಿವನ್ ಒಬ್ಬರು. 1921ರಲ್ಲಿ ವಿಗನ್ ಕ್ಲಬ್ ಸೇರಿದಾಗ ಅವರಿಗೆ 17 ವರ್ಷ. ಆಟ ನಿಲ್ಲಿಸುವ ಹೊತ್ತಿಗೆ 2,800ಕ್ಕೂ ಹೆಚ್ಚು ಗೋಲು ಹೊಡೆದಿದ್ದರು. ಹೋಗುವ ಯೋಚನೆ ಇದೆಯೆಂಬ ಗುಮಾನಿಯೇ ಕೆಲವರಿಗೆ ಮುಳುವಾಯಿತು. 1947ರಲ್ಲಿ ನ್ಯೂಪೋರ್ಟ್ ಕ್ಲಬ್ಬಿನ ಜಾರ್ಜ್ ಪಾರ್ಸನ್ಸ್ ಫ್ರಾನ್ಸ್ ವಿರುದ್ಧದ ಪಂದ್ಯಕ್ಕೆ ವೇಲ್ಸ್ ತಂಡದೊಂದಿಗೆ ಪ್ಯಾರಿಸ್‌ಗೆ ಹೊರಟಿದ್ದರು. ಲೀಗ್‌ನವರೊಡನೆ ಮಾತುಕತೆ ನಡೆಸಿದ್ದಾರೆಂಬ ಸುದ್ದಿ ಹಿಡಿದು ಅಧಿಕಾರಿಗಳು ಅವರನ್ನು ರೈಲಿನಿಂದ ಇಳಿಸಿಬಿಟ್ಟರು. ಮರುವರ್ಷ ಅವರು ನಿಜಕ್ಕೂ ಲೀಗ್‌ಗೆ ಹೋದರು.

ಕಾರ್ಡಿಫ್‌ನ ಬಂದರು ಕೇರಿ ಟೈಗರ್ ಬೇಯಲ್ಲಿ ಹಲವು ದೇಶಗಳ ನಾವಿಕರು ಸಂಸಾರ ಹೂಡಿದ್ದರು. ಅಲ್ಲಿ ಹುಟ್ಟಿದ ಬಿಲ್ಲಿ ಬಾಸ್ಟನ್‌ಗೆ 1953ರಲ್ಲಿ ಇನ್ನೂ 18 ವರ್ಷ. ವಿಗನ್‌ನವರು ಮನೆಗೆ ಬಂದು ಐದು ಪೌಂಡಿನ ನೋಟುಗಳನ್ನು ಮೇಜಿನ ಮೇಲೆ ಹರಡಿದರು. ಮಗನನ್ನು ಕಳಿಸಲು ಮನಸ್ಸಿಲ್ಲದ ತಾಯಿ, ಬಂದವರು ಹೊರಟುಹೋಗಲೆಂದೇ, 3,000 ಪೌಂಡ್ ಕೊಟ್ಟರೆ ಸಹಿ ಹಾಕುತ್ತಾನೆ ಎಂದರಂತೆ. ಅವರು ಒಪ್ಪಿಬಿಟ್ಟರು! ಬಾಸ್ಟನ್ ವಿಗನ್ ಪರ 488 ಪಂದ್ಯಗಳಲ್ಲಿ 478 ಟ್ರೈ ಗಳಿಸಿದರು. ವೇಲ್ಸ್‌ನ ಯೂನಿಯನ್ ತಂಡದ ಕೆಂಪಂಗಿ ತೊಡುವ ಬಾಲ್ಯದ ಕನಸು ಮಾತ್ರ ಅಲ್ಲಿಗೇ ಮುಗಿಯಿತು. ಸಹಿ ಹಾಕದಿದ್ದರೂ ಅದು ಕೈಗೂಡುತ್ತಿತ್ತೆಂದು ನಂಬುವುದು ಕಷ್ಟ, ಏಕೆಂದರೆ 1980ರ ದಶಕದವರೆಗೆ ವೇಲ್ಸ್‌ನ ಯೂನಿಯನ್ ತಂಡದಲ್ಲಿ ಒಬ್ಬ ಕಪ್ಪು ಆಟಗಾರನೂ ಆಡಿರಲಿಲ್ಲ. ಕಾರ್ಡಿಫ್‌ನವರೇ ಆದ ಕ್ಲೈವ್ ಸಲ್ಲಿವನ್ 1972ರಲ್ಲಿ ಗ್ರೇಟ್ ಬ್ರಿಟನ್ ಲೀಗ್ ತಂಡದ ನಾಯಕರಾಗಿ ವಿಶ್ವಕಪ್ ಗೆದ್ದುಕೊಟ್ಟರು. ಹುಟ್ಟಿದೂರಿನ ಆಟ ಕೊಡದ ಜಾಗವನ್ನು ಪರ ಊರಿನ ಆಟ ಕೊಟ್ಟಿತು. ಲೀಗ್‌ನ ಚರಿತ್ರೆಯಲ್ಲಿ ಹೆಮ್ಮೆಪಡಬೇಕಾದ ಮಾತಿದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಗೋಡೆಯಲ್ಲಿ ಸಣ್ಣ ಬಿರುಕೊಂದು ಕಾಣಿಸಿತು. ಸೈನ್ಯದಲ್ಲಿದ್ದಷ್ಟು ದಿನ ಲೀಗ್‌ನವರೂ ಯೂನಿಯನ್ ಆಡಬಹುದು ಎಂದು ನಿಷೇಧ ಸಡಿಲವಾಯಿತು. 1943ರಲ್ಲಿ ಲೀಡ್ಸ್‌ನ ಹೆಡಿಂಗ್ಲಿಯಲ್ಲಿ, 1944ರಲ್ಲಿ ಬ್ರ್ಯಾಡ್‌ಫರ್ಡ್‌ನ ಓಡ್ಸಲ್‌ನಲ್ಲಿ ಲೀಗ್ ಸೈನಿಕರಿಗೂ ಯೂನಿಯನ್ ಸೈನಿಕರಿಗೂ ಪಂದ್ಯ ನಡೆಯಿತು. ಎರಡೂ ಯೂನಿಯನ್ ನಿಯಮದ ಪಂದ್ಯಗಳೇ. ಎರಡನ್ನೂ ಲೀಗ್‌ನವರು ಗೆದ್ದರು: 18–11, 15–10. ಯುದ್ಧ ಮುಗಿದದ್ದೇ ಬಿರುಕನ್ನು ಮುಚ್ಚಿಬಿಟ್ಟರು.

ನಂತರದ ಐವತ್ತು ವರ್ಷ ಹಳೆಯ ಹಾದಿಯೇ. 1967ರಲ್ಲಿ ವೇಲ್ಸ್‌ನ ಡೇವಿಡ್ ವಾಟ್ಕಿನ್ಸ್ ಲೀಗ್ ಕ್ಲಬ್ ಸ್ಯಾಲ್‌ಫರ್ಡ್‌ಗೆ ಹೋದರು. 1989ರ ಜನವರಿಯಲ್ಲಿ ವೇಲ್ಸ್ ತಂಡದ ನಾಯಕತ್ವ ವಹಿಸಿದ್ದ ಜೊನಾಥನ್ ಡೇವಿಸ್ ವಿಡ್ನೆಸ್ ಸೇರಿದಾಗ ಇಡೀ ವೇಲ್ಸ್ ಮನೆಮಗ ಹೊರಟುಹೋದಂತೆ ಮರುಗಿತು. ಲೀಗ್‌ನ ಮೈಕಟ್ಟಿನ ಮುಂದೆ ಈ ಸಣಕಲ ನಿಲ್ಲಲಾರನೆಂದು ಹಲವರು ಅಂದುಕೊಂಡಿದ್ದರು. ಡೇವಿಸ್ ನಿಂತರು. 1994ರ ಅಕ್ಟೋಬರ್‌ನಲ್ಲಿ ವೆಂಬ್ಲಿಯಲ್ಲಿ ಅವರು ಗಳಿಸಿದ ಟ್ರೈನಿಂದ ಗ್ರೇಟ್ ಬ್ರಿಟನ್ ಆಸ್ಟ್ರೇಲಿಯಾವನ್ನು 8–4ರಿಂದ ಮಣಿಸಿತು.

1995ರ ಆಗಸ್ಟ್ 26ರಂದು ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ರಗ್ಬಿ ಮಂಡಳಿ ಯೂನಿಯನ್ ಆಟವನ್ನು ‘ಮುಕ್ತ’ವೆಂದು ಘೋಷಿಸಿತು. ಇನ್ನು ಮುಂದೆ ಯಾರಿಗೆ ಬೇಕಾದರೂ ಸಂಬಳ ಕೊಡಬಹುದು, ಲೀಗ್‌ನಿಂದ ಯಾರು ಬೇಕಾದರೂ ಬರಬಹುದು. ಹಡರ್ಸ್‌ಫೀಲ್ಡ್ ಸಭೆಗೆ ನೂರು ವರ್ಷ ತುಂಬಲು ಮೂರು ದಿನ ಬಾಕಿ ಇತ್ತು. ಜೊನಾಥನ್ ಡೇವಿಸ್ ಅದೇ ನವೆಂಬರ್‌ನಲ್ಲಿ ಕಾರ್ಡಿಫ್‌ಗೆ ಮರಳಿದರು. 1996ರ ಮೇ ತಿಂಗಳಲ್ಲಿ ಎರಡೂ ಕಡೆಯ ದೊಡ್ಡ ಕ್ಲಬ್‌ಗಳಾದ ವಿಗನ್ ಮತ್ತು ಬಾತ್ ಎರಡು ಪಂದ್ಯಗಳಿಗೆ ಸಜ್ಜಾದವು. ಮ್ಯಾಂಚೆಸ್ಟರ್‌ನ ಮೇನ್ ರೋಡ್ ಅಂಗಣದಲ್ಲಿ ಲೀಗ್ ನಿಯಮದಡಿ ವಿಗನ್ 82–6ರಿಂದ ಗೆದ್ದಿತು. ಲಂಡನ್ನಿನ ಟ್ವಿಕನಮ್‌ನಲ್ಲಿ ಯೂನಿಯನ್ ನಿಯಮದಡಿ ಬಾತ್ 44–19ರಿಂದ ಗೆದ್ದಿತು. ನೂರು ವರ್ಷಗಳಲ್ಲಿ ಆಟಗಳು ಎಷ್ಟು ದೂರ ಸರಿದಿದ್ದವೆಂಬುದಕ್ಕೆ ಈ ಅಂಕಗಳಿಗಿಂತ ಬೇರೆ ಸಾಕ್ಷಿ ಬೇಡ.

ಆ ವಿಗನ್ ತಂಡದಲ್ಲಿದ್ದವರು ಜೇಸನ್ ರಾಬಿನ್ಸನ್. 1974ರಲ್ಲಿ ಲೀಡ್ಸ್‌ನಲ್ಲಿ ಹುಟ್ಟಿ, ಅಲ್ಲಿನ ಹನ್ಸ್ಲೆಟ್‌ನ ಹುಡುಗರ ತಂಡದಲ್ಲಿ ಆಡುತ್ತ ಬೆಳೆದವರು. 1992ರಿಂದ ವಿಗನ್ ಪರ ಆಡತೊಡಗಿ 1995ರ ಚಾಲೆಂಜ್ ಕಪ್ ಫೈನಲ್‌ನಲ್ಲೂ 1998ರ ಸೂಪರ್ ಲೀಗ್ ಗ್ರ್ಯಾಂಡ್ ಫೈನಲ್‌ನಲ್ಲೂ ಪಂದ್ಯಶ್ರೇಷ್ಠರಾದರು. ಎತ್ತರ ಐದು ಅಡಿ ಎಂಟು ಅಂಗುಲವಷ್ಟೇ. ಅವರ ಶಕ್ತಿಯೆಲ್ಲ ಕಾಲುಗಳಲ್ಲಿತ್ತು. ಓಡುತ್ತ ಬಂದವರು ಎದುರಾಳಿಯ ಮುಂದೆ ಅರೆಕ್ಷಣ ತಡೆದು ನಿಂತಂತೆ ಮಾಡಿ, ಎಡಕ್ಕೊಂದು ಬಲಕ್ಕೊಂದು ಪುಟ್ಟ ಹೆಜ್ಜೆ ಹಾಕಿ, ಅವನು ತನ್ನ ತೂಕವನ್ನು ಯಾವ ಕಾಲಿಗೆ ಹಾಕುತ್ತಾನೋ ಅದರ ವಿರುದ್ಧ ದಿಕ್ಕಿಗೆ ಜಾರಿಬಿಡುತ್ತಿದ್ದರು. ಕಬಡ್ಡಿಯಲ್ಲಿ ಒಳ್ಳೆಯ ರೈಡರ್ ಮೂಲೆಯ ಆಟಗಾರನನ್ನು ಯಾಮಾರಿಸುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಲೀಗ್ ಈ ವಿದ್ಯೆಯನ್ನು ತಿದ್ದಿ ತೀಡಿತ್ತು: ಅಲ್ಲಿ ಪ್ರತಿ ಟ್ಯಾಕಲ್ ಆದ ಮೇಲೂ ಎದುರಾಳಿಗಳು ಸಾಲುಗಟ್ಟಿ ನಿಲ್ಲುವುದರಿಂದ ಆ ಸಾಲಿನ ಮುಂದೆ ಮತ್ತೆ ಮತ್ತೆ, ಒಂದು ಪಂದ್ಯದಲ್ಲಿ ಹತ್ತಾರು ಸಲ, ತಪ್ಪಿಸಿಕೊಳ್ಳುವ ಸಾಧನೆ ಆಗುತ್ತದೆ.

ಅವರು ಯೂನಿಯನ್‌ನ ರುಚಿ ನೋಡಿದ್ದು 1996ರ ಕೊನೆಯ ತಿಂಗಳುಗಳಲ್ಲಿ. ಆ ವರ್ಷ ಇಂಗ್ಲೆಂಡಿನ ಲೀಗ್ ಪಂದ್ಯಗಳು ಚಳಿಗಾಲದಿಂದ ಬೇಸಿಗೆಗೆ ಬದಲಾಗಿದ್ದರಿಂದ ಚಳಿಗಾಲ ಖಾಲಿ ಸಿಕ್ಕಿತು. ವಿಗನ್‌ನ ಸಹ ಆಟಗಾರ ಹೆನ್ರಿ ಪಾಲ್ ಜೊತೆ ಕೆಲವು ತಿಂಗಳು ಬಾತ್ ಪರ ಆಡಿ ಮರಳಿದರು. ಶಾಶ್ವತವಾಗಿ ದಾಟಿದ್ದು 2000ದಲ್ಲಿ. ಅಕ್ಟೋಬರ್‌ನಲ್ಲಿ ಸೇಂಟ್ ಹೆಲೆನ್ಸ್ ವಿರುದ್ಧದ ಗ್ರ್ಯಾಂಡ್ ಫೈನಲ್ ವಿಗನ್‌ಗಾಗಿ ಆಡಿದ ಕೊನೆಯ ಪಂದ್ಯ; ನವೆಂಬರ್‌ನಲ್ಲಿ ಅವರು ಯೂನಿಯನ್ ಕ್ಲಬ್ ಸೇಲ್ ಶಾರ್ಕ್ಸ್‌ನ ಅಂಗಿಯಲ್ಲಿದ್ದರು. 2001ರ ಫೆಬ್ರುವರಿಯಲ್ಲಿ ಇಟಲಿ ವಿರುದ್ಧ ಬದಲಿ ಆಟಗಾರನಾಗಿ ಇಂಗ್ಲೆಂಡ್ ಪರ ಕಣಕ್ಕಿಳಿದರು. ಅದೇ ಬೇಸಿಗೆಯಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಆಯ್ದ ಆಟಗಾರರ ಲಯನ್ಸ್ ತಂಡದೊಂದಿಗೆ ಆಸ್ಟ್ರೇಲಿಯಾಕ್ಕೆ ಹೋದರು. ಬ್ರಿಸ್ಬೇನ್‌ನ ಮೊದಲ ಟೆಸ್ಟ್ ಶುರುವಾಗಿ ಕೆಲವೇ ನಿಮಿಷ. ಎಡ ಅಂಚಿನಲ್ಲಿ ಚೆಂಡು ಕೈಗೆ ಬಂದಾಗ ರಾಬಿನ್ಸನ್ ಮುಂದಿದ್ದುದು ಎಲ್ಲರಿಗಿಂತ ಹಿಂದೆ ಕಾಯುವ ಆಸ್ಟ್ರೇಲಿಯಾದ ಫುಲ್‌ಬ್ಯಾಕ್ ಕ್ರಿಸ್ ಲೇಥಮ್, ಪಕ್ಕದಲ್ಲಿ ಅಂಗಣದ ಬಿಳಿ ಗೆರೆ. ನಡುವೆ ಒಬ್ಬ ಮನುಷ್ಯ ನುಸುಳುವಷ್ಟು ಜಾಗ. ಒಳಗೆ ಬರುವಂತೆ ಭುಜ ತಿರುಗಿಸಿ, ಲೇಥಮ್ ಅದಕ್ಕೆ ಮೋಸಹೋದ ಕ್ಷಣದಲ್ಲಿ ಹೊರಗಿನಿಂದ ಹಾದು ಮೂಲೆಗೆ ಧುಮುಕಿದರು. ಲಯನ್ಸ್ ಆ ಪಂದ್ಯವನ್ನು 29–13ರಿಂದ ಗೆದ್ದಿತು, ಸರಣಿಯನ್ನು ಮಾತ್ರ 2–1ರಿಂದ ಸೋತಿತು.

2003ರ ನವೆಂಬರ್ 22ರಂದು ಸಿಡ್ನಿಯಲ್ಲಿ ನಡೆದ ವಿಶ್ವಕಪ್ ಫೈನಲ್ ಹೊತ್ತಿಗೆ ಆಟಗಾರರು ಲೀಗ್‌ನಿಂದ ಯೂನಿಯನ್‌ಗೆ ಹರಿದು ಬರುವುದು ವಾಡಿಕೆಯಾಗಿಬಿಟ್ಟಿತ್ತು. ಅಂಚಿನಲ್ಲಿ ಆಡುವ ಆಸ್ಟ್ರೇಲಿಯಾದ ಇಬ್ಬರು ವಿಂಗ್ ಆಟಗಾರರಾದ ವೆಂಡೆಲ್ ಸೇಲರ್ ಮತ್ತು ಲೋಟೆ ಟುಕಿರಿ, ಫುಲ್‌ಬ್ಯಾಕ್ ಮ್ಯಾಟ್ ರಾಜರ್ಸ್, ಮೂವರೂ ಲೀಗ್‌ನಿಂದ ಬಂದವರೇ. ಇಂಗ್ಲೆಂಡಿನ ರಕ್ಷಣಾ ತಂತ್ರ ಹೆಣೆದ ಫಿಲ್ ಲಾರ್ಡರ್ ಕೂಡ ಲೀಗ್‌ನವರು. ಪಂದ್ಯದ ಮೊದಲ ಟ್ರೈ ಬಂದದ್ದು ಎತ್ತರದ ಟುಕಿರಿ ಗಿಡ್ಡ ರಾಬಿನ್ಸನ್ ತಲೆಯ ಮೇಲಿಂದ ಚೆಂಡು ಹಿಡಿದಾಗ. ವಿರಾಮಕ್ಕೆ ಸ್ವಲ್ಪ ಮುಂಚೆ ಲಾರೆನ್ಸ್ ಡಲಾಲಿಯೊ ಸಾಲು ಮುರಿದು ನುಗ್ಗಿ ಒಳಗೆ ಎಸೆದ ಚೆಂಡನ್ನು ಜಾನಿ ವಿಲ್ಕಿನ್ಸನ್ ಹಿಡಿದು ಎಡಕ್ಕೆ ಕೊಟ್ಟರು. ರಾಬಿನ್ಸನ್ ಒದ್ದೆ ಹುಲ್ಲಿನ ಮೇಲೆ ಜಾರುತ್ತ ಗೆರೆ ದಾಟಿ, ಎದ್ದು, ಚೆಂಡನ್ನು ಗಾಳಿಗೆ ತೂರಿ ಅರಚಿದರು. ಹೆಚ್ಚುವರಿ ಸಮಯದ ಕೊನೆಯ ಗಳಿಗೆಯಲ್ಲಿ ವಿಲ್ಕಿನ್ಸನ್ ಚೆಂಡನ್ನು ನೆಲಕ್ಕೆ ತಾಕಿಸಿ ಒದ್ದ ಡ್ರಾಪ್ ಗೋಲಿನಿಂದ ಇಂಗ್ಲೆಂಡ್ 20–17ರಿಂದ ಗೆದ್ದಿತು. ಎಂಟು ವರ್ಷಗಳ ಹಿಂದೆ, 1995ರಲ್ಲಿ, ವೆಂಬ್ಲಿಯಲ್ಲಿ ಲೀಗ್ ವಿಶ್ವಕಪ್ ಫೈನಲ್‌ನಲ್ಲಿ ರಾಬಿನ್ಸನ್ ಇದೇ ಆಸ್ಟ್ರೇಲಿಯಾಕ್ಕೆ 16–8ರಿಂದ ಸೋತ ಇಂಗ್ಲೆಂಡ್ ತಂಡದಲ್ಲಿದ್ದರು.

2004ರಲ್ಲಿ ಅವರು ಇಂಗ್ಲೆಂಡ್ ಯೂನಿಯನ್ ತಂಡದ ನಾಯಕರಾದರು. ಆ ಸ್ಥಾನಕ್ಕೇರಿದ ಮೊದಲ ಕಪ್ಪು ಆಟಗಾರ ಅವರು. ಶಾಲೆಯಲ್ಲಾಗಲಿ ಕ್ಲಬ್ಬಿನಲ್ಲಾಗಲಿ ಯೂನಿಯನ್ ಕಲಿತು ಬೆಳೆಯದವರು ಎಂಬುದೂ ಅಷ್ಟೇ ಗಮನಾರ್ಹ. 2006ರಲ್ಲಿ ಸೇಲ್‌ಗೆ ದೇಶದ ಚಾಂಪಿಯನ್ ಪಟ್ಟ ಗೆದ್ದುಕೊಟ್ಟರು. ಅಂತರರಾಷ್ಟ್ರೀಯ ಆಟದಿಂದ ಒಮ್ಮೆ ನಿವೃತ್ತರಾಗಿ 2007ರ ಫೆಬ್ರುವರಿಯಲ್ಲಿ ಮರಳಿದಾಗ ಸ್ಕಾಟ್ಲೆಂಡ್ ವಿರುದ್ಧ ಎರಡು ಟ್ರೈ ಗಳಿಸಿದರು. ಅದೇ ವರ್ಷ ಅಕ್ಟೋಬರ್ 20ರಂದು ಪ್ಯಾರಿಸ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ವಿಶ್ವಕಪ್ ಫೈನಲ್‌ನಲ್ಲಿ ಭುಜದ ಗಾಯದಿಂದ ರಾಬಿನ್ಸನ್ ಅರ್ಧದಲ್ಲೇ ಹೊರನಡೆದರು. ಇಂಗ್ಲೆಂಡ್ 15–6ರಿಂದ ಸೋತಿತು. ಯೂನಿಯನ್‌ನಲ್ಲಿ ಇಂಗ್ಲೆಂಡ್ ಪರ ಅವರು ಆಡಿದ್ದು 51 ಪಂದ್ಯ, ಗಳಿಸಿದ್ದು 28 ಟ್ರೈ.

ದಾಟಿದವರೆಲ್ಲರಿಗೂ ಆಟ ಹೀಗೆ ಒಲಿಯಲಿಲ್ಲ. ವಿಂಗ್‌ನಲ್ಲಿ ಆಡುವವರಿಗೆ ಓಟ, ಹಿಡಿತ, ಟ್ಯಾಕಲ್ ಎರಡೂ ಕಡೆ ಒಂದೇ. ಅಂಗಣದ ನಡುವೆ ಆಡುವವರು ಮಾತ್ರ ಚೆಂಡಿಗಾಗಿ ನೆಲದ ಮೇಲೆ ನಡೆಯುವ ಕಾದಾಟ, ಯಾವಾಗ ಒದೆಯಬೇಕು, ಯಾವಾಗ ಓಡಬೇಕೆಂಬ ಲೆಕ್ಕಾಚಾರ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು. ಲೀಡ್ಸ್‌ನ ಲೀಗ್ ತಾರೆ ಯೆಸ್ಟಿನ್ ಹ್ಯಾರಿಸ್ 2001ರಲ್ಲಿ ಭಾರಿ ಮೊತ್ತಕ್ಕೆ ಕಾರ್ಡಿಫ್‌ಗೆ ಹೋಗಿ, ಕಲಿಯಲು ಸಮಯವೇ ಸಿಗದೆ ವೇಲ್ಸ್ ತಂಡದ ಸೂತ್ರ ಹಿಡಿಯಬೇಕಾಗಿ ಬಂದು, 2004ರಲ್ಲಿ ಲೀಗ್‌ಗೆ ಮರಳಿದರು. ಸ್ಯಾಮ್ ಬರ್ಜೆಸ್‌ರದು ಇನ್ನೂ ಮನಕಲಕುವ ಕಥೆ. 2014ರ ಸಿಡ್ನಿ ಗ್ರ್ಯಾಂಡ್ ಫೈನಲ್‌ನ ಮೊದಲ ನಿಮಿಷದಲ್ಲೇ ಕೆನ್ನೆಯ ಮೂಳೆ ಮುರಿದುಕೊಂಡರೂ ಕೊನೆಯವರೆಗೆ ಆಡಿ, ಸೌತ್ ಸಿಡ್ನಿಯನ್ನು ಗೆಲ್ಲಿಸಿ, ಪಂದ್ಯಶ್ರೇಷ್ಠರಾದವರು. ಬಾತ್ ಸೇರಿ ಒಂದೇ ಋತುವಿನಲ್ಲಿ ಇಂಗ್ಲೆಂಡಿನ 2015ರ ವಿಶ್ವಕಪ್ ತಂಡಕ್ಕೆ ಆಯ್ಕೆಯಾದರು. ಇಂಗ್ಲೆಂಡ್ ಗುಂಪಿನ ಹಂತದಲ್ಲೇ ಹೊರಬಿದ್ದಾಗ ದೂರೆಲ್ಲ ಅವರ ತಲೆಗೇ ಬಂತು. ಅದೇ ವರ್ಷಾಂತ್ಯದಲ್ಲಿ ಅವರು ಸಿಡ್ನಿಗೆ ಹಿಂದಿರುಗಿದರು. ಹೊಸಬನನ್ನು ಅಷ್ಟು ಬೇಗ ಅಷ್ಟು ದೊಡ್ಡ ಹೊರೆಗೆ ದೂಡಿದವರ ತಪ್ಪಿನ ಮುಂದೆ ಬರ್ಜೆಸ್‌ರ ಪಾಲು ಸಣ್ಣದು.

ನ್ಯೂಜಿಲೆಂಡಿನ ಸನ್ನಿ ಬಿಲ್ ವಿಲಿಯಮ್ಸ್ ಎರಡು ಆಟಗಳ ನಡುವೆ ಮನೆಯ ಎರಡು ಕೋಣೆಗಳ ನಡುವೆ ಓಡಾಡಿದಂತೆ ಓಡಾಡಿದರು. 2004ರಲ್ಲಿ ಬುಲ್‌ಡಾಗ್ಸ್ ಜೊತೆ ಸಿಡ್ನಿಯ ಲೀಗ್ ಪ್ರಶಸ್ತಿ. 2008ರಲ್ಲಿ ಒಪ್ಪಂದದ ನಡುವೆಯೇ ಫ್ರಾನ್ಸಿನ ಯೂನಿಯನ್ ಕ್ಲಬ್ ತುಲೋನ್‌ಗೆ ಹೊರಟುಹೋದಾಗ ದೊಡ್ಡ ಗದ್ದಲವೆದ್ದಿತು. 2011ರಲ್ಲಿ ನ್ಯೂಜಿಲೆಂಡಿನ ಆಲ್ ಬ್ಲ್ಯಾಕ್ಸ್ ತಂಡದಲ್ಲಿ ಯೂನಿಯನ್ ವಿಶ್ವಕಪ್, 2013ರಲ್ಲಿ ಸಿಡ್ನಿ ರೂಸ್ಟರ್ಸ್ ಜೊತೆ ಮತ್ತೆ ಲೀಗ್ ಪ್ರಶಸ್ತಿ, 2015ರಲ್ಲಿ ಮತ್ತೆ ಯೂನಿಯನ್ ವಿಶ್ವಕಪ್.

2025ರಲ್ಲಿ ಲಯನ್ಸ್ ತಂಡ ಆಸ್ಟ್ರೇಲಿಯಾದಲ್ಲಿ ಸರಣಿಯನ್ನು 2–1ರಿಂದ ಗೆದ್ದಾಗ ಅದರ ಮುಖ್ಯ ಕೋಚ್ ಆಂಡಿ ಫ್ಯಾರೆಲ್. ವಿಗನ್ ತಂಡದ ನಾಯಕರಾಗಿದ್ದು 2005ರಲ್ಲಿ ಯೂನಿಯನ್‌ಗೆ ದಾಟಿದವರು. ಅದೇ ವರ್ಷದ ಜೂನ್‌ನಲ್ಲಿ 90 ವರ್ಷದ ಬಿಲ್ಲಿ ಬಾಸ್ಟನ್ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ‘ಸರ್’ ಪದವಿ ಸ್ವೀಕರಿಸಿದರು. ಹಡರ್ಸ್‌ಫೀಲ್ಡ್ ಸಭೆ ನಡೆದು ಆಗ 130 ವರ್ಷ ತುಂಬುತ್ತಿತ್ತು. ಅಷ್ಟೂ ವರ್ಷಗಳಲ್ಲಿ ಲೀಗ್‌ನ ಆಟಗಾರನೊಬ್ಬನಿಗೆ ಆ ಗೌರವ ಸಂದದ್ದು ಅದೇ ಮೊದಲು.